ನಂದಿನಿ ಆಲ್ಪ್ಸ್‌ಗೆ ಹೋದ ಚಳಿಗಾಲ

ಸ್ಕೀ ಬೂಟುಗಳನ್ನು ಬಾಡಿಗೆಗೆ ಕೊಡುವ ಕೋಣೆಗೆ ಒಂದು ವಾಸನೆ ಇರುತ್ತದೆ. ಒದ್ದೆಯಾದ ಉಣ್ಣೆಯ ಕಾಲುಚೀಲ, ರಬ್ಬರಿನ ಚಾಪೆ, ನೂರಾರು ಜನ ಹಾಕಿ ಬಿಟ್ಟ ಬೂಟಿನೊಳಗಿನ ಬೆವರು, ಎಲ್ಲದರ ಮೇಲೆ ಪಕ್ಕದ ಕ್ಯಾಂಟೀನಿನಿಂದ ತೇಲಿ ಬರುವ ಬಿಸಿ ಚಾಕೊಲೇಟಿನ ಸಿಹಿ. ಮೆಚ್ಚುವಂಥ ವಾಸನೆಯಲ್ಲ. ನನಗೆ ಮಾತ್ರ ಇಷ್ಟ. ಈ ಚಳಿಗಾಲದ ಮೊದಲ ಶನಿವಾರ ಆ ಕೋಣೆಯ ಬಾಗಿಲು ತಳ್ಳಿದಾಗ ಅದು ಮೂಗಿಗೆ ಬಡಿಯಿತು, ಅದರ ಜೊತೆಗೆ ಮೂರು ವರ್ಷದ ಹಿಂದಿನ ಚಳಿಗಾಲ ನೆನಪಾಯಿತು. ಆ ಚಳಿಗಾಲದಲ್ಲಿ ನಾನು ಒಬ್ಬಳ ಮೇಲೆ ಹೊಟ್ಟೆಕಿಚ್ಚುಪಟ್ಟೆ. ಬರೀ ಹೊಟ್ಟೆಕಿಚ್ಚಿನಲ್ಲೇ ನಿಂತಿದ್ದರೆ ಬರೆಯುವಂಥದ್ದೇನೂ ಇರಲಿಲ್ಲ.

ನಾನು ಹುಬ್ಬಳ್ಳಿಯವಳು. ಮದುವೆಯಾಗಿ ಈ ಹಿಮದ ದೇಶಕ್ಕೆ ಬಂದು ಇಪ್ಪತ್ತೈದು ವರ್ಷವಾಯಿತು. ನಮ್ಮ ಮನೆ ಮಾಲ್ಟನ್‌ನಲ್ಲಿ. ವಿಮಾನಗಳು ಎಷ್ಟು ಕೆಳಗೆ ಹಾರುತ್ತವೆಂದರೆ ಹಿತ್ತಿಲಲ್ಲಿ ನಿಂತು ಹರಟುವವರು ನಡುವೆ ಮಾತು ನಿಲ್ಲಿಸುತ್ತಾರೆ, ವಿಮಾನ ದಾಟಿದ ಮೇಲೆ ಬಿಟ್ಟಲ್ಲಿಂದ ಶುರು ಮಾಡುತ್ತಾರೆ. ವಾರದ ಐದು ದಿನ ಏರ್‌ಪೋರ್ಟಿನ ಪಕ್ಕದ ಒಂದು ಸರಕು ಸಾಗಣೆ ಆಫೀಸಿನಲ್ಲಿ ನನ್ನ ಕೆಲಸ. ಡಿಸೆಂಬರಿನಿಂದ ಮಾರ್ಚ್‌ವರೆಗಿನ ಶನಿವಾರ ಭಾನುವಾರಗಳಲ್ಲಿ, ಜಾರ್ಜ್‌ಟೌನ್ ದಾಟಿದ ಮೇಲೆ ಸಿಗುವ ಒಂದು ಸಣ್ಣ ಗುಡ್ಡದ ಮೇಲೆ ಸ್ಕೀ ಕಲಿಸುತ್ತೇನೆ.

ಹುಬ್ಬಳ್ಳಿಯ ಹೆಣ್ಣುಮಗಳು ಸ್ಕೀ ಕಲಿಸುತ್ತಾಳೆಂದರೆ ನಮ್ಮ ಕನ್ನಡದವರು ಮೊದಲು ನಗುತ್ತಾರೆ, ಆಮೇಲೆ ‘ನಿಜವಾಗ್ಲೂ?’ ಎನ್ನುತ್ತಾರೆ. ಮಗಳು ಶ್ರೇಯಾ ಐದನೇ ಕ್ಲಾಸಿನಲ್ಲಿದ್ದಾಗ ಶಾಲೆಯವರು ಮಕ್ಕಳನ್ನು ಆ ಗುಡ್ಡಕ್ಕೆ ಕರೆದೊಯ್ದರು. ಜೊತೆಗೆ ತಾಯಂದಿರು ಬೇಕಾಗಿತ್ತು. ನಾನು ಹೋದೆ. ಸುಮ್ಮನೆ ಯಾಕೆ ಕೂಡಬೇಕೆಂದು ನನ್ನ ಕಾಲಿಗೂ ಒಂದು ಜೊತೆ ಸ್ಕೀ ಹಲಗೆ ಕಟ್ಟಿದರು. ಆ ದಿನ ಎಷ್ಟು ಸಲ ಬಿದ್ದೆನೋ ದೇವರಿಗೇ ಗೊತ್ತು. ಕೊನೆಗೊಮ್ಮೆ, ಬೀಳದೆ, ಹತ್ತು ಮಾರು ಜಾರಿದೆ. ಆ ಹತ್ತು ಮಾರಿನಲ್ಲಿ ಆಫೀಸು, ಅಡಿಗೆ, ಅತ್ತೆಯವರ ಔಷಧಿ ಯಾವುದೂ ತಲೆಯಲ್ಲಿರಲಿಲ್ಲ. ಮರುವರ್ಷ ಹಟ ಹಿಡಿದು ಕಲಿತೆ. ಅದರ ಮುಂದಿನ ವರ್ಷ ಕಲಿಸುವವರ ಪರೀಕ್ಷೆ ಕೊಟ್ಟೆ. ಅಂದಿನಿಂದ ಹೊಸಬರ ಇಳಿಜಾರಿನಲ್ಲಿ ಕೆಂಪು ಜಾಕೆಟ್ಟು ತೊಟ್ಟು ನಿಂತಿದ್ದೇನೆ.

ಗುಡ್ಡವೆಂದೆ. ಕಂಡವರು ದಿಬ್ಬ ಎಂದಾರು. ಕುರ್ಚಿ ಲಿಫ್ಟಿನಲ್ಲಿ ಮೇಲೆ ಹೋಗಲು ಆರು ನಿಮಿಷ ಬೇಕು, ಇಳಿಯಲು ಒಂದೂವರೆ ನಿಮಿಷ. ತುದಿಯಲ್ಲಿ ನಿಂತರೆ ಜಲ್ಲಿ ಕ್ವಾರಿ, ಹೈವೇ, ಅದರಾಚೆ ಒಂದು ಗೋದಾಮಿನ ಬೆನ್ನು ಕಾಣುತ್ತವೆ. ನಮ್ಮ ಜೊತೆ ಕಲಿಸುವ ಹೆನ್ರಿ ಎಂಬ ಮುದುಕ ತನ್ನ ಹರೆಯದಲ್ಲಿ ಒಂದು ಚಳಿಗಾಲ ಪೂರ್ತಿ ಆಲ್ಪ್ಸ್‌ನಲ್ಲಿ ಕೆಲಸ ಮಾಡಿದ್ದ. ಊಟದ ಬಿಡುವಿನಲ್ಲಿ ಅವನು ಅಲ್ಲಿನ ಮಾತು ತೆಗೆಯುತ್ತಿದ್ದ: ಮರಗಳೇ ಬೆಳೆಯದಷ್ಟು ಎತ್ತರ, ಬೆಳಿಗ್ಗೆ ಹೊರಟರೆ ಮಧ್ಯಾಹ್ನ ಬೇರೆ ಕಣಿವೆಯಲ್ಲಿ ಊಟ, ಕಾಲಿಟ್ಟರೆ ಸದ್ದೇ ಆಗದ ಹಿಮ. ನಾನು ಡಬ್ಬಿಯ ರೊಟ್ಟಿ ಮುರಿಯುವುದನ್ನು ಮರೆತು ಕೇಳುತ್ತಿದ್ದೆ. ಒಮ್ಮೆ ಹೋಗಬೇಕು ಎಂದು ಮನೆಯಲ್ಲಿ ಬಾಯಿಬಿಟ್ಟೆ. ನಮ್ಮವರು, ಮಹಾಂತೇಶ, ಸ್ಕೂಲ್ ಬಸ್ಸು ಓಡಿಸುತ್ತಾರೆ. ಹಿಮವೆಂದರೆ ಅವರಿಗೆ ಬೆಳಗಿನ ಜಾವ ಸಲಿಕೆ ಹಿಡಿಯುವ ಕೆಲಸ.

“ಹಿಮಾ ನೋಡಾಕ ವಿಮಾನ ಹತ್ತಬೇಕೇನು? ಬಾಗಲಾ ತಗದ್ರ ಐತಲ್ಲ,” ಎಂದರು. ಮಾತು ಅಲ್ಲಿಗೆ ಮುಗಿಯಿತು.

ನಂದಿನಿ ಬೆಂಗಳೂರಿನವಳು, ನನಗಿಂತ ಆರು ವರ್ಷಕ್ಕೆ ಚಿಕ್ಕವಳು. ಒಂದು ಇನ್ಶೂರೆನ್ಸ್ ಕಂಪನಿಯ ಕಂಪ್ಯೂಟರ್ ವಿಭಾಗದಲ್ಲಿ ಮ್ಯಾನೇಜರು. ಗಂಡ ಪ್ರಶಾಂತ, ಹದಿನಾರರ ಮಗ ನಿಖಿಲ್, ಜಾರ್ಜ್‌ಟೌನ್‌ನಲ್ಲಿ ದೊಡ್ಡ ಮನೆ. ಕನ್ನಡದವರ ಒಂದು ಯುಗಾದಿ ಊಟದಲ್ಲಿ ಪರಿಚಯವಾದಾಗಿನಿಂದ ನನ್ನನ್ನು ಅಕ್ಕ ಎನ್ನುತ್ತಿದ್ದಳು. ಅವಳಿಗೆ ಜಂಬವಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಆ ವರ್ಷ ನವೆಂಬರಿನ ಒಂದು ಭಾನುವಾರ ಮಧ್ಯಾಹ್ನ ಅವಳು ನಮ್ಮ ಮನೆಗೆ ಬಂದಳು. ನಾನು ರೊಟ್ಟಿ ಬಡಿಯುತ್ತಿದ್ದೆ. ಅಡಿಗೆಮನೆಯ ಸ್ಟೂಲಿನ ಮೇಲೆ ಕೂತು ಫೋನನ್ನು ನನ್ನ ಮುಖದ ಹತ್ತಿರ ಹಿಡಿದಳು.

“ಅಕ್ಕ, ಮಾರ್ಚ್ ಬ್ರೇಕಿನ ಸ್ಕೂಲ್ ರಜೆಗೆ ಎಲ್ಲಿ ಹೋಗ್ತಿದೀವಿ ಗೆಸ್ ಮಾಡಿ.”

ಪರದೆಯ ಮೇಲೆ ಒಂದು ನಕ್ಷೆ. ಬಿಳಿಯ ಪರ್ವತಗಳ ಮೇಲೆ ಹಸಿರು, ನೀಲಿ, ಕೆಂಪು, ಕಪ್ಪು ಗೆರೆಗಳು ಅಂಗೈಯ ರೇಖೆಗಳ ಹಾಗೆ ಹರಡಿದ್ದವು. ಒಂದೊಂದು ಗೆರೆಯೂ ಒಂದೊಂದು ಇಳಿಯುವ ದಾರಿ. ನಮ್ಮ ಇಡೀ ಗುಡ್ಡವನ್ನು ಎತ್ತಿ ಅದರಲ್ಲಿಟ್ಟರೆ ಒಂದು ಮೂಲೆಯೂ ತುಂಬುವುದಿಲ್ಲ.

“ಆಲ್ಪ್ಸ್! ಫ್ರಾನ್ಸ್ ಸೈಡಲ್ಲಿ. ನಾಲ್ಕೈದು ಊರು ಸೇರಿ ಒಂದೇ ರೆಸಾರ್ಟಂತೆ. ಇಡೀ ದಿನ ಇಳಿದ್ರೂ ಅದೇ ದಾರಿ ಎರಡ್ನೇ ಸಲ ಬರಲ್ವಂತೆ.”

“ಭಾಳ ಚಲೋ ಆತಲ್ಲ,” ಎಂದೆ. ಕೈಯಲ್ಲಿದ್ದ ರೊಟ್ಟಿ ನಡುವೆ ಹರಿಯಿತು.

“ಆದ್ರೆ ನಾನು ಬಂದಿದ್ದು ಅದನ್ನ ಹೇಳೋಕಲ್ಲ ಅಕ್ಕ. ನಂಗೆ ಸ್ಕೀ ಕಲಿಸ್ತೀರಾ?” ಅವಳ ದನಿ ಇಳಿಯಿತು. “ಪ್ರಶಾಂತ್ ಇಲ್ಲಿಗೆ ಓದೋಕೆ ಬಂದಾಗ್ಲೇ ಕಲ್ತಿದ್ರು. ನಿಖಿಲ್ ಐದು ವರ್ಷದವನಿದ್ದಾಗಿಂದ ಮಾಡ್ತಾನೆ. ನಾನು ಕೆಳಗೆ ಕೂತು ಎಲ್ಲರ ಬೂಟು, ಎಲ್ಲರ ಸ್ಯಾಂಡ್‌ವಿಚ್ಚು ಕಾಯ್ತೀನಿ. ಒಂದೇ ಒಂದ್ಸಲ ಟ್ರೈ ಮಾಡಿದ್ದೆ. ಬಿದ್ದೆ. ಅಪ್ಪ ಮಗ ಇಬ್ರೂ ನಕ್ಕರು. ಆಮೇಲೆ ಹೋಗ್ಲಿಲ್ಲ.”

“ಈಗ ಪ್ರಶಾಂತ ಏನಂತಾನ?”

“‘ನಿಂಗಾಗಲ್ಲ, ಸುಮ್ನೆ ಯಾಕೆ’ ಅಂದ್ರು. ನಾನು ಬಿಡ್ಲಿಲ್ಲ. ಕೊನೇಗೆ, ‘ಗಿರಿಜಾ ಅವ್ರು ರೆಡಿ ಅಂದ್ರೆ ನಿಂಗೂ ಲಿಫ್ಟ್ ಪಾಸ್ ತಗೊಳ್ಳೋಣ’ ಅಂದ್ರು. ನೀವು ಹೇಳಿದ್ರೆ ಆಯ್ತು ಅಕ್ಕ.”

ಆಗಲೆಂದೆ. ಹೊರಡುವ ಮುಂಚೆ ಅವಳು ಇನ್ನೊಂದು ಕೆಲಸ ಹಚ್ಚಿದಳು. ಆಲ್ಪ್ಸ್ ಎಂಬುದು ಖಾತ್ರಿ, ಆದರೆ ಆ ದೊಡ್ಡ ರೆಸಾರ್ಟಿಗೆ ಹೋಗುವುದೋ, ಅಲ್ಲೇ ಸಣ್ಣದೊಂದು ಹಳ್ಳಿಗೆ ಹೋಗುವುದೋ ಇನ್ನೂ ಪಕ್ಕಾ ಆಗಿರಲಿಲ್ಲ. ಆಫೀಸಿನಲ್ಲಿ ಮಾಡುವ ಹಾಗೆ ಒಂದು ಪಟ್ಟಿ ಮಾಡಿದ್ದಳು: ಒಂದು ಕಡೆ ಅನುಕೂಲ, ಒಂದು ಕಡೆ ಅನಾನುಕೂಲ. “ನೀವು ಎಕ್ಸ್‌ಪರ್ಟ್. ಇದನ್ನ ತುಂಬಿಕೊಡಿ ಪ್ಲೀಸ್.”

ಆ ವಾರವೆಲ್ಲ ಆಫೀಸಿನ ಊಟದ ಹೊತ್ತಿನಲ್ಲಿ ನಾನು ಅದೇ ರೆಸಾರ್ಟಿಗೆ ಹೋಗಿ ಬಂದವರು ಬರೆದದ್ದನ್ನು ಓದಿದೆ. ಹೊಗಳಿದವರನ್ನು ಬಿಟ್ಟೆ, ಬೈದವರನ್ನು ಹುಡುಕಿದೆ. ಹನ್ನೊಂದು ಗಂಟೆಗೆ ಲಿಫ್ಟಿನ ಮುಂದೆ ಮೈಲುದ್ದ ಸಾಲು. ಮೋಡ ಇಳಿದರೆ ನೆಲ ಯಾವುದು ಆಕಾಶ ಯಾವುದು ತಿಳಿಯುವುದಿಲ್ಲ. ಮರ ಬೆಳೆಯುವ ಎತ್ತರಕ್ಕಿಂತ ಮೇಲಿರುವುದರಿಂದ ಗಾಳಿಗೆ ಅಡ್ಡವೇ ಇಲ್ಲ. ಮೊದಲ ಎರಡು ದಿನ ಎತ್ತರಕ್ಕೆ ತಲೆನೋವು. ಕೊನೆಯ ಲಿಫ್ಟ್ ತಪ್ಪಿದರೆ ಬೇರೆ ಕಣಿವೆಯಲ್ಲೇ ಉಳಿಯಬೇಕು, ರಸ್ತೆಯಲ್ಲಿ ಸುತ್ತಿ ಬರಲು ಎರಡು ತಾಸು. ಹೋಟೆಲಿನಿಂದ ಲಿಫ್ಟಿನವರೆಗೆ ಕಲ್ಲು ಹಾಸಿನ ಮೇಲೆ ಆ ಭಾರದ ಬೂಟಿನಲ್ಲಿ ನಡೆಯಬೇಕು. ಮಾಂಸ ತಿನ್ನದವರಿಗೆ ಚೀಸು, ಆಲೂಗಡ್ಡೆ, ಮತ್ತೆ ಚೀಸು. ಎಲ್ಲವನ್ನೂ ಅನಾನುಕೂಲದ ಕಡೆ ಬರೆದೆ. ಅದರಲ್ಲಿ ಒಂದೂ ಸುಳ್ಳಿರಲಿಲ್ಲ. ಇನ್ನೊಂದು ಕಡೆ ‘ಹಿಮ ಖಾತ್ರಿ’ ಎಂದು ಎರಡು ಪದ ಬರೆದು ಕಳಿಸಿದೆ.

ನಂದಿನಿಯ ಫೋನು ಬಂತು. “ಎಷ್ಟೆಲ್ಲ ಯೋಚ್ನೆ ಮಾಡಿದೀರ ಅಕ್ಕ! ನಮ್ಮೋರೂ ಇಷ್ಟು ತಲೆ ಕೆಡಿಸ್ಕೊಂಡಿಲ್ಲ. ಆದ್ರೂ ದೊಡ್ಡದನ್ನೇ ಬುಕ್ ಮಾಡಿದ್ವಿ. ಹೋದ್ರೆ ಹೋದ ಹಾಗಿರ್ಬೇಕು, ಅಲ್ವಾ?”

ಬೇರೆ ಊರಿನಲ್ಲಿ ಓದುತ್ತಿದ್ದ ಶ್ರೇಯಾಗೆ ಫೋನಿನಲ್ಲಿ ಇದನ್ನೆಲ್ಲ ಹೇಳುತ್ತಾ, ಅಷ್ಟು ದೂರ ಹೋಗಿ ಇವರಿಗೆ ಏನು ಸಿಗುತ್ತದೋ ಎಂದೆ. ಅವಳು ಕಿಸಕ್ಕನೆ ನಕ್ಕಳು. “ಅಮ್ಮಾ, ಯು ಆರ್ ಸೋ ಜೆಲಸ್.”

“ನನಗ್ಯಾಕ ಹೊಟ್ಟಿಕಿಚ್ಚು?” ಎಂದು ಫೋನಿಟ್ಟೆ. ಇಟ್ಟ ಮೇಲೂ ಕಿವಿ ಬಿಸಿಯಾಗಿತ್ತು.

ಡಿಸೆಂಬರಿನ ಎರಡನೇ ಶನಿವಾರ ಪಾಠ ಶುರುವಾಯಿತು. ಆ ಹೊತ್ತಿಗೆ ಪ್ರಶಾಂತ ಮಗನನ್ನು ಐಸ್ ಹಾಕಿ ಆಟಕ್ಕೆ ಕರೆದೊಯ್ಯುತ್ತಿದ್ದ, ಹಾಗಾಗಿ ಅವಳು ಒಬ್ಬಳೇ ಬರುತ್ತಿದ್ದಳು. ಹಲಗೆಗಳ ಮೂತಿ ಕೂಡಿಸಿ ಹಿಂಭಾಗ ಅಗಲಿಸಿದರೆ ವೇಗ ತಗ್ಗುತ್ತದೆ. ಮಕ್ಕಳಿಗೆ ಅದನ್ನು ಪಿಜ್ಜಾ ಎಂದು ಹೇಳಿಕೊಡುತ್ತೇವೆ, ಪಿಜ್ಜಾದ ತುಂಡಿನ ಆಕಾರವೆಂದು. ನಂದಿನಿ ಬೀಳುವ ಮುಂಚೆ ಪ್ರತಿ ಸಲ “ಪಿಜ್ಜಾ ಪಿಜ್ಜಾ ಪಿಜ್ಜಾ” ಎಂದು ಕೂಗುತ್ತಿದ್ದಳು, ಕೂಗುತ್ತಲೇ ಬೀಳುತ್ತಿದ್ದಳು, ಬಿದ್ದಲ್ಲೇ ನಗುತ್ತಿದ್ದಳು. ಮೊದಲ ದಿನವೇ ನನಗೆ ಗೊತ್ತಾಯಿತು, ಇವಳು ಕಲಿಯುತ್ತಾಳೆ ಎಂದು. ಬಿದ್ದಾಗ ಅತ್ತ ಇತ್ತ ಯಾರು ನೋಡಿದರು ಎಂದು ನೋಡುವವರು ಕಲಿಯುವುದಿಲ್ಲ. ಅವಳು ತನ್ನ ಕಾಲನ್ನು ನೋಡುತ್ತಿದ್ದಳು.

ಜನವರಿ ಕೊರೆಯುವ ಚಳಿ ತಂದಿತು. ರೆಪ್ಪೆಯ ಕೂದಲು ಒಂದಕ್ಕೊಂದು ಅಂಟುವಂಥ ಬೆಳಗುಗಳು. ಬೇರೆ ವಿದ್ಯಾರ್ಥಿಗಳು ಫೋನ್ ಮಾಡಿ ಬರುವುದಿಲ್ಲವೆಂದರು. ನಂದಿನಿ ಒಂದು ಶನಿವಾರವನ್ನೂ ತಪ್ಪಿಸಲಿಲ್ಲ. ಕುರ್ಚಿ ಲಿಫ್ಟಿನಲ್ಲಿ ನನ್ನ ಪಕ್ಕ ಕೂತು, ಕಾಲು ಇಳಿಬಿಟ್ಟುಕೊಂಡು, ಹೋಗುವ ಆರೂ ನಿಮಿಷ ಆಲ್ಪ್ಸ್ ಮಾತಾಡುತ್ತಿದ್ದಳು. ಹೋಟೆಲಿನ ಕಿಟಕಿಯಿಂದ ಏನು ಕಾಣುತ್ತದೆ, ಪರ್ವತದ ಮೇಲಿನ ಹೋಟೆಲುಗಳಲ್ಲಿ ಬಿಸಿಲಿಗೆ ಕುರ್ಚಿ ಹಾಕಿ ಊಟ ಬಡಿಸುತ್ತಾರಂತೆ, ಸ್ಕೀ ಬರದವರೂ ಗಾಜಿನ ಡಬ್ಬಿಯಂಥ ಲಿಫ್ಟಿನಲ್ಲಿ ಮೇಲೆ ಹೋಗಿ ಬರಬಹುದಂತೆ. ಅವಳು ಹೇಳಿದಷ್ಟೂ ನಾನು ನಕ್ಕು ತಲೆಯಾಡಿಸುತ್ತಿದ್ದೆ. ಒಳಗೆ ಬೇರೆ ಮಾತು ನಡೆದಿತ್ತು. ಹನ್ನೊಂದು ಚಳಿಗಾಲದಿಂದ ನಾನು ಈ ದಿಬ್ಬ ಹತ್ತಿ ಇಳಿದಿದ್ದೇನೆ, ಈ ಗುಡ್ಡದ ಯಾವ ತಿರುವಿನಲ್ಲಿ ಮಂಜುಗಡ್ಡೆ ಕೂಡುತ್ತದೆ ಎಂದು ಕಣ್ಣುಮುಚ್ಚಿ ಹೇಳಬಲ್ಲೆ. ಅಲ್ಲಿಗೆ ಹೋಗುವವಳು ಮಾತ್ರ ನಿನ್ನೆ ಮೊನ್ನೆ ಹಲಗೆ ಕಟ್ಟಿದ ಇವಳು. ಅವಳು ದಡ್ಡಿಯಾದರೂ ಆಗಿದ್ದರೆ! ವಾರದಿಂದ ವಾರಕ್ಕೆ ಸುಧಾರಿಸುತ್ತಿದ್ದಳು. ಅದೂ ನಾನು ಕಲಿಸಿದ್ದರಿಂದ.

ಫೆಬ್ರವರಿಯಲ್ಲಿ ಎರಡು ದಿನ ಮಳೆ ಬಂತು, ಮೂರನೇ ದಿನ ಎಲ್ಲ ಹೆಪ್ಪುಗಟ್ಟಿತು. ಗುಡ್ಡವೆಂಬುದು ತೊಳೆದಿಟ್ಟ ಗಾಜಿನ ಹಾಗಿತ್ತು. ಅನುಭವಸ್ಥರೇ ಕ್ಯಾಂಟೀನಿನಲ್ಲಿ ಕೂತಿದ್ದರು. ನಂದಿನಿ, “ಒಂದೇ ಸಲ ಅಕ್ಕ,” ಎಂದಳು. ತುದಿಯಿಂದ ಹೊರಟವಳು ಮಂಜುಗಡ್ಡೆಯ ಮೇಲೆ ಹಲಗೆಯ ಅಂಚು ಕೊರೆದು ಕರಕರ ಸದ್ದು ಮಾಡುತ್ತಾ, ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗುತ್ತಾ, ಬೀಳದೆ ಕೆಳಗಿಳಿದಳು. ನನ್ನ ಪಕ್ಕ ನಿಂತಿದ್ದ ಹೆನ್ರಿ ಕನ್ನಡಕ ಮೇಲೆತ್ತಿ ನೋಡಿದ. ಈ ಗಡ್ಡೆಯ ಮೇಲೆ ಇಳಿದವಳು ಎಲ್ಲಿ ಬೇಕಾದರೂ ಇಳಿಯುತ್ತಾಳೆ, ಆಲ್ಪ್ಸ್‌ನ ನೀಲಿ ಗೆರೆಯ ಸುಲಭ ದಾರಿಗಳು ಇವಳಿಗೆ ಹಾಸಿಗೆ ಇದ್ದ ಹಾಗೆ, ಎಂದ. ಒಳ್ಳೆಯ ಕೆಲಸ ಮಾಡಿದೆ ಎಂದು ನನ್ನ ಬೆನ್ನು ತಟ್ಟಿದ.

ಮಾರ್ಚಿನ ಮೊದಲ ಶನಿವಾರ. ಅವರು ಹೊರಡಲು ಆರು ದಿನ ಉಳಿದಿದ್ದವು. ಪಾಠ ಮುಗಿಸಿ ಇಬ್ಬರೂ ಹೊರಗಿನ ಬೆಂಚಿನ ಮೇಲೆ ಬೂಟು ಸಡಿಲಿಸುತ್ತಾ ಕೂತಿದ್ದೆವು. ಅವಳು ಹೊಸ ಜಾಕೆಟ್ಟು ಕೊಂಡಿದ್ದಳು, ನವಿಲಿನ ಕತ್ತಿನ ಬಣ್ಣದ್ದು.

“ಪ್ರಶಾಂತ್ ಇವತ್ತು ಪಾಸ್ ಬುಕ್ ಮಾಡ್ತಾರಂತೆ,” ಎಂದಳು. “ಅಲ್ಲಿ ಒಂದು ದಾರಿ ಇದ್ಯಂತೆ ಅಕ್ಕ, ಮೇಲಿಂದ ಊರಿನ ತನಕ. ಇಳೀತಾನೇ ಇರ್ಬಹುದಂತೆ. ನೆನೆಸ್ಕೊಂಡ್ರೆ ರಾತ್ರಿ ನಿದ್ದೆ ಬರಲ್ಲ.” ಆಮೇಲೆ ನನ್ನ ಕಡೆ ಪೂರ್ತಿ ತಿರುಗಿದಳು. “ಹೇಳಿ. ನಾನು ರೆಡಿನಾ?”

ನಾನು ಯೋಚಿಸಿ ಹೇಳಿದೆನೆಂದರೆ ತಪ್ಪಾಗುತ್ತದೆ, ಯೋಚಿಸದೆ ಹೇಳಿದೆನೆಂದರೂ ತಪ್ಪಾಗುತ್ತದೆ. ಹೌದು ಎನ್ನುವ ಮಾತು ಬಾಯಿಯವರೆಗೆ ಬಂದಿತ್ತು. ಆ ಜಾಕೆಟ್ಟಿನ ಬಣ್ಣ ನೋಡಿದೆ.

“ಇಲ್ಲವಾ ನಂದಿನಿ,” ಎಂದೆ. “ಇಲ್ಲಿದು ಬ್ಯಾರೆ, ಅಲ್ಲೀದು ಬ್ಯಾರೆ. ಅಷ್ಟ ದೊಡ್ಡ ಜಾಗಾ, ಅಷ್ಟ ಎತ್ತರ. ನಡಕ ಸಿಕ್ಕೊಂಡ್ರ ಕೆಳಗ ಬರೂದು ಹೆಂಗ? ಇನ್ನೊಂದು ವರ್ಷ ಕಲಿ. ಮುಂದ ನೋಡೂಣಂತ.”

ಅವಳು ವಾದಿಸಲಿಲ್ಲ. ಸ್ವಲ್ಪ ಹೊತ್ತು ಲಿಫ್ಟಿನ ಕುರ್ಚಿಗಳು ಖಾಲಿಯಾಗಿ ಮೇಲೆ ಹೋಗುವುದನ್ನು ನೋಡಿದಳು. “ಸರಿ ಅಕ್ಕ. ನೀವು ಹೇಳಿದ್ಮೇಲೆ ಸರಿ,” ಎಂದಳು. ಕಾರಿನ ಹತ್ತಿರ ನನ್ನನ್ನು ತಬ್ಬಿಕೊಂಡು ಥ್ಯಾಂಕ್ಸ್ ಹೇಳಿದಳು.

ಮನೆಗೆ ಬರುವ ದಾರಿಯಲ್ಲಿ ನನಗೆ ಹಗುರವಾಗಿತ್ತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಹಗುರವಾಗಿತ್ತು.

ಅವರು ಹೋದ ವಾರ ಇಲ್ಲಿ ಮಳೆ ಹಿಡಿದಿತ್ತು. ಗುಡ್ಡದ ಮೇಲೆ ಅಲ್ಲಲ್ಲಿ ಕಂದು ಹುಲ್ಲು ಕಾಣತೊಡಗಿತ್ತು. ಕನ್ನಡದವರೆಲ್ಲ ಇರುವ ವಾಟ್ಸಾಪ್ ಗುಂಪಿಗೆ ಪ್ರಶಾಂತ ದಿನಕ್ಕೆ ಹತ್ತು ಚಿತ್ರ ಹಾಕುತ್ತಿದ್ದ: ಅವನು ಮತ್ತು ಮಗ, ಹಿಂದೆ ಹಲ್ಲಿನ ಹಾಗೆ ಚೂಪಾದ ಶಿಖರಗಳು, ನೋಡಿದರೆ ಕಣ್ಣು ಕಿರಿದಾಗುವಷ್ಟು ಬಿಸಿಲು. ನಾನು ಒಂದೊಂದನ್ನೂ ಬೆರಳಿನಿಂದ ಹಿಗ್ಗಿಸಿ ನೋಡಿದೆ. ಹಿಮವನ್ನು ನೋಡುತ್ತಿದ್ದೆ. ನಂದಿನಿ ಒಂದೇ ಚಿತ್ರ ಕಳಿಸಿದ್ದಳು: ಕಿಟಕಿಯ ಪಕ್ಕದ ಮೇಜು, ಅದರ ಮೇಲೆ ಒಂದು ಲೋಟ, ಗಾಜಿನಾಚೆ ದೂರದಲ್ಲಿ ಲಿಫ್ಟಿನ ತಂತಿಗಳು. ಕೆಳಗೆ ಏನೂ ಬರೆದಿರಲಿಲ್ಲ. ಆ ಲೋಟವನ್ನು ನೋಡಿದಾಗ ನನ್ನ ಹಗುರವೆಲ್ಲ ಇಳಿದುಹೋಯಿತು. ಅವಳು ಮತ್ತೆ ಕೆಳಗೆ ಕೂತಿದ್ದಳು. ಕೂಡಿಸಿದವಳು ನಾನು. ಫೋನ್ ಮಾಡಿ ಹೇಳಿಬಿಡಲೇ ಎಂದು ಎರಡು ಸಲ ಕೈಗೆತ್ತಿಕೊಂಡೆ. ಏನೆಂದು ಹೇಳುವುದು? ಇಟ್ಟುಬಿಟ್ಟೆ.

ತಿರುಗಿ ಬಂದ ಮೇಲೆ ಅವಳೇ ಫೋನ್ ಮಾಡಿದಳು. ಶನಿವಾರ ಕ್ಲಾಸು ಮುಗಿದ ಮೇಲೆ ಸಿಗುತ್ತೇನೆ ಎಂದಳು. ಪಾರ್ಕಿಂಗ್ ಜಾಗದಲ್ಲಿ, ಕರಗಿದ ಹಿಮದ ಕೆಸರಿನ ನಡುವೆ, ತನ್ನ ಕಾರಿಗೆ ಒರಗಿ ನಿಂತಿದ್ದಳು. ಮೊದಲು ಒಂದು ಚಾಕೊಲೇಟ್ ಪೊಟ್ಟಣ ಕೈಗಿಟ್ಟಳು.

“ನೀವು ಬರೆದಿದ್ದೆಲ್ಲ ಸರಿ ಇತ್ತು,” ಎಂದಳು. “ಕ್ಯೂ ಇತ್ತು. ಬೂಟ್ ಹಾಕ್ಕೊಂಡು ಆ ಕಲ್ಲಿನ ಮೇಲೆ ನಡೆಯೋದು ನರಕ. ಪ್ರಶಾಂತ್ ಒಂದಿನ ಬೇರೆ ಕಣಿವೆಗೆ ಇಳಿದು ಟ್ಯಾಕ್ಸಿಯಲ್ಲಿ ಬಂದ್ರು. ಬರೀ ಚೀಸ್ ತಿಂದು ನಿಖಿಲ್‌ಗೆ ಹೊಟ್ಟೆ ಕೆಟ್ಟಿತ್ತು.”

ನಾನು ಚಾಕೊಲೇಟ್ ಪೊಟ್ಟಣವನ್ನು ಜೇಬಿಗೆ ತುರುಕಿದೆ.

“ನಾಲ್ಕು ದಿನ ಆ ಕಿಟಕಿ ಹತ್ರ ಕೂತೆ. ಡಿನ್ನರ್‌ನಲ್ಲಿ ಪಕ್ಕದ ಟೇಬಲ್ಲಿನವರು ಕೇಳಿದ್ರೆ ಪ್ರಶಾಂತ್, ‘ಓ, ಇವ್ಳು ಸ್ಕೀ ಮಾಡಲ್ಲ’ ಅಂತಿದ್ರು. ಐದನೇ ದಿನ ಬೇಜಾರಾಗಿ, ಕಾಫಿ ಕುಡ್ಕೊಂಡು ಬರೋಣ ಅಂತ ಆ ಗಾಜಿನ ಲಿಫ್ಟಲ್ಲಿ ಮೇಲೆ ಹೋದೆ. ಅಲ್ಲಿ ಒಬ್ರು ಅಜ್ಜಿ ಇದ್ರು ಅಕ್ಕ, ಪೂರ್ತಿ ಬಿಳಿ ಕೂದ್ಲು. ಮೊಮ್ಮಗಳ ಜೊತೆ ಇಳೀತಿದ್ರು. ಆ ದಾರಿ ನಮ್ಮ ಹೈವೇಗಿಂತ ಅಗಲ. ಈ ನಿಮ್ಮ ಗುಡ್ಡದಷ್ಟೂ ಇಳಿಜಾರಿರ್ಲಿಲ್ಲ. ನಾನು ನೋಡ್ತಾ ನಿಂತೆ. ಕಾಫಿ ಕುಡೀಲಿಲ್ಲ. ಕೆಳಗೆ ಬಂದು ಸ್ಕೀ ಬಾಡಿಗೆ ತಗೊಂಡೆ, ಅರ್ಧ ದಿನದ ಪಾಸ್ ತಗೊಂಡೆ. ಏಳು ಸಲ ಇಳಿದೆ. ಒಂದ್ಸಲಾನೂ ಬೀಳ್ಲಿಲ್ಲ.”

“ಮನ್ಯಾಗ ಹೇಳಿದಿ?”

“ಹೇಳ್ದೆ. ‘ಮಕ್ಕಳ ಸ್ಲೋಪ್ ಇರ್ಬೇಕು’ ಅಂದ್ರು.” ಅವಳು ನನ್ನನ್ನೇ ನೋಡುತ್ತಿದ್ದಳು. “ಅಕ್ಕ, ನಾನು ಅವತ್ತೇ ರೆಡಿ ಇದ್ದೆ, ಅಲ್ವಾ?”

ತಪ್ಪಿಸಿಕೊಳ್ಳಲು ದಾರಿಗಳಿದ್ದವು. ಜವಾಬ್ದಾರಿ ಎನ್ನಬಹುದಿತ್ತು, ಹೆದರಿಕೆ ಎನ್ನಬಹುದಿತ್ತು.

“ಇದ್ದಿ,” ಎಂದೆ.

“ಮತ್ಯಾಕೆ?”

“ಹೊಟ್ಟಿ ಉರೀತು ನಂದಿನಿ. ನಾ ಹನ್ನೊಂದು ವರ್ಷದಿಂದ ಕನಸ ಕಂಡ ಜಾಗಾ ಅದು. ನೀ ಹೊಂಟಿ. ತಡಕೊಳ್ಳಾಕ ಆಗಲಿಲ್ಲ.”

ಅವಳು ಕೂಗಾಡಲಿಲ್ಲ. “ಕಲಿಸಿದವರು ನೀವೇ,” ಎಂದಳು. “ಕಿತ್ಕೊಂಡವರೂ ನೀವೇ.”

ಆಗ ನನ್ನ ಬಾಯಿಂದ ಬಂದ ಮಾತನ್ನು ನೆನೆದರೆ ಈಗಲೂ ಮೈ ಮುದುಡುತ್ತದೆ. ಕ್ಷಮೆ ಕೇಳಬೇಕಾದ ಹೊತ್ತಿನಲ್ಲಿ ನಾನು ಕೇಳಿದ್ದು, “ಹಿಮಾ ಹೆಂಗಿತ್ತು?”

ನಂದಿನಿ ನನ್ನನ್ನು ದಿಟ್ಟಿಸಿದಳು. ಅವಳ ಕಣ್ಣಿನಲ್ಲಿ ಒಂದು ಗಳಿಗೆ ಏನೋ ಮಿನುಗಿತು, ಆ ಏಳು ಸಲದ ನೆನಪಿರಬೇಕು. “ಅದನ್ನ ನಾನು ನಿಮ್ಗೆ ಹೇಳಲ್ಲ,” ಎಂದಳು. ಕಾರಿನ ಬಾಗಿಲು ತೆರೆದು ಕೂತವಳು ಗಾಜು ಇಳಿಸಿದಳು. “ಸಾರಿ ಗೀರಿ ನಂಗೆ ಬೇಡ. ನಾಳೆ ಮಧ್ಯಾಹ್ನ ಮನೆಗೆ ಬನ್ನಿ. ಅವರ ಮುಂದೆ ಹೇಳಿ.”

ಭಾನುವಾರ ಬೆಳಗಿನ ಪಾಠದುದ್ದಕ್ಕೂ ಹೋಗದಿರಲು ನೆಪ ಹುಡುಕಿದೆ. ಹೋದೆ. ಪ್ರಶಾಂತ ಬಾಗಿಲಲ್ಲೇ, “ಬನ್ನಿ ಬನ್ನಿ ಗಿರಿಜಾ ಅವ್ರೇ,” ಎಂದು ಕರೆದು ಊಟದ ಮೇಜಿಗೆ ಕೂಡಿಸಿದ. ನಂದಿನಿ ಪುಳಿಯೋಗರೆ ಬಡಿಸಿದಳು, ನನ್ನ ಮುಖ ನೋಡಲಿಲ್ಲ. ತಟ್ಟೆ ಮುಟ್ಟುವ ಮುಂಚೆಯೇ ಹೇಳಿದೆ, ಆಮೇಲೆ ಧೈರ್ಯ ಸಾಲುವುದಿಲ್ಲವೆಂದು.

“ಪ್ರಶಾಂತ, ನಿನಗೊಂದು ಮಾತು ಹೇಳೂದೈತಿ. ನಂದಿನಿ ಪೂರಾ ತಯಾರಿದ್ಲು. ಇಲ್ಲ ಅಂತ ನಾ ಸುಳ್ಳು ಹೇಳಿದೆ.”

ಅವನು ನಕ್ಕ. “ಅಯ್ಯೋ ಬಿಡಿ. ನೀವು ಸೇಫ್ಟಿಗೆ ಅಂತ ಹೇಳಿರ್ತೀರ. ಅದ್ರಲ್ಲೇನು?”

ತಪ್ಪಿಸಿಕೊಳ್ಳಲು ಎಷ್ಟು ಸಲೀಸಾಗಿ ಬಾಗಿಲು ತೆರೆದುಕೊಟ್ಟಿದ್ದ! ನಂದಿನಿಯ ಕೈ ಸೌಟಿನ ಮೇಲೆ ನಿಂತಿತ್ತು.

“ಅಲ್ಲ,” ಎಂದೆ. “ಹೊಟ್ಟಿಕಿಚ್ಚಿಗೆ ಹೇಳಿದೆ. ಅಕಿ ನಮ್ಮ ಗುಡ್ಡದ ಗಡ್ಡಿ ಮ್ಯಾಲೆ ಇಳದಾಕಿ. ಅಲ್ಲಿ ಅಕಿ ಇಳದದ್ದು ಮಕ್ಕಳ ದಾರಿ ಅಲ್ಲ. ನೀ ಹಂಗ ಅನ್ನಬಾರದಿತ್ತು. ನಾ ಹಿಂಗ ಮಾಡಬಾರದಿತ್ತು.”

ಪ್ರಶಾಂತನ ಮುಖದ ನಗು ಎಲ್ಲಿ ಹೋಗಬೇಕೆಂದು ತಿಳಿಯದೆ ಅಲ್ಲೇ ನಿಂತಿತು. ಮಾತಾಡಿದವನು ನಿಖಿಲ್. ಅವನು ಅಮ್ಮನನ್ನು ಹೊಸದಾಗಿ ನೋಡುವ ಹಾಗೆ ನೋಡಿ, “ಸೋ ಅಮ್ಮ ಕ್ಯಾನ್ ಆ್ಯಕ್ಚುಲಿ ಸ್ಕೀ?” ಎಂದ. ಆಮೇಲೆ, “ಹಿಲ್ ಈಸ್ ಸ್ಟಿಲ್ ಓಪನ್, ರೈಟ್? ಲೆಟ್ಸ್ ಗೋ.”

ಊಟ ಮುಗಿಸಿ ಎಲ್ಲರೂ ಗುಡ್ಡಕ್ಕೆ ಹೋದೆವು. ಹಿಮ ಮೊಸರಿನ ಹಾಗೆ ಮೆತ್ತಗಾಗಿತ್ತು. ನಂದಿನಿ ನವಿಲು ಬಣ್ಣದ ಜಾಕೆಟ್ಟು ತೊಟ್ಟು ಒಬ್ಬಳೇ ಲಿಫ್ಟಿನಲ್ಲಿ ಹೋದಳು. ಅಪ್ಪ ಮಗ ಕೆಳಗೆ ನಿಂತರು, ಅವರಿಂದ ಸ್ವಲ್ಪ ದೂರ ನಾನು. ಅವಳು ತುದಿಯಲ್ಲಿ ಒಂದು ಚುಕ್ಕೆಯಾಗಿ ಕಂಡಳು. ಹೊರಟಳು. ಅಗಲವಾಗಿ, ಅವಸರವಿಲ್ಲದೆ, ಒಂದರ ಹಿಂದೊಂದು ತಿರುವು ತೆಗೆದುಕೊಂಡು ಬಂದಳು. ನಾನು ಕಲಿಸಿದ್ದಕ್ಕಿಂತ ಚೆನ್ನಾಗಿ ಇಳಿದಳು. ಏಳು ಸಲದ ಆಲ್ಪ್ಸ್ ಅವಳ ಮಂಡಿಯಲ್ಲಿತ್ತು. ನಮ್ಮ ಮುಂದೆ ಬಂದು ಹಲಗೆ ಅಡ್ಡ ತಿರುಗಿಸಿ ನಿಂತಾಗ ಕರಗಿದ ಹಿಮ ಪ್ರಶಾಂತನ ಪ್ಯಾಂಟಿಗೆ ಹಾರಿತು. ನಿಖಿಲ್ ಕೂಗಿ ಚಪ್ಪಾಳೆ ಹೊಡೆದ. ಪ್ರಶಾಂತ ಪ್ಯಾಂಟು ಒರೆಸಿಕೊಳ್ಳಲಿಲ್ಲ. “ಇನ್ನೊಂದ್ಸಲ ಹೋಗೋಣ್ವಾ? ಒಟ್ಟಿಗೆ?” ಎಂದ, ಸಣ್ಣ ದನಿಯಲ್ಲಿ. ಅವಳು ಕೈಗವುಸಿನ ಹಿಮ ಕೊಡವಿದಳು. ಅವನನ್ನು ಕಾಯಿಸಿದಳು. ಆಮೇಲೆ ಮೂವರೂ ಒಂದೇ ಕುರ್ಚಿಯಲ್ಲಿ ಮೇಲೆ ಹೋದರು.

ನಂದಿನಿ ನನ್ನನ್ನು ಆ ದಿನ ಕ್ಷಮಿಸಲಿಲ್ಲ. ಮುಂದೆ ಒಂದು ವರ್ಷದವರೆಗೆ ಗಿರಿಜಾ ಅವರೇ ಎನ್ನುತ್ತಿದ್ದಳು. ಈಗ ಮತ್ತೆ ಅಕ್ಕ ಎನ್ನುತ್ತಾಳೆ, ಆದರೆ ತಾನು ಇಳಿಯುವ ಬಗ್ಗೆ ನನ್ನ ಅಭಿಪ್ರಾಯ ಕೇಳುವುದಿಲ್ಲ. ನ್ಯಾಯವೇ. ಹೋದ ವರ್ಷ ಅವರು ಇನ್ನೊಮ್ಮೆ ಆಲ್ಪ್ಸ್‌ಗೆ ಹೋಗಿ ಬಂದರು. ನನಗೆ ಇನ್ನೂ ಆಗಿಲ್ಲ. ಹೊಟ್ಟೆ ಇನ್ನೂ ಉರಿಯುತ್ತದೆ.

ಆದರೆ ಆ ಭಾನುವಾರ ಕೆಳಗೆ ನಿಂತವಳಿಗೆ ಉರಿದದ್ದು ಬೇರೆ ಕಾರಣಕ್ಕೆ. ಆ ಕುರ್ಚಿ ಮೇಲೇರುವುದನ್ನು ನೋಡುತ್ತಾ ನನಗೆ ಆಲ್ಪ್ಸ್ ನೆನಪಾಗಲಿಲ್ಲ. ಹನ್ನೊಂದು ವರ್ಷದಲ್ಲಿ ನಾನು ಇಳಿಯುವುದನ್ನು ನಮ್ಮ ಮನೆಯವರು ಯಾರೂ ಕೆಳಗೆ ನಿಂತು ನೋಡಿರಲಿಲ್ಲ ಎಂಬುದು ನೆನಪಾಯಿತು. ನಾನೂ ಯಾರನ್ನೂ ಕರೆದಿರಲಿಲ್ಲ.

ಮನೆಗೆ ಬಂದಾಗ ಮಹಾಂತೇಶ ಸೋಫಾದ ಮೇಲೆ ಕಾಲು ಚಾಚಿ ಕೂತಿದ್ದರು.

“ಬರೂ ಶನಿವಾರ ಗುಡ್ಡ ಬಂದ್ ಮಾಡ್ತಾರ, ಕಡೀ ದಿನ,” ಎಂದೆ. “ನನ್ನ ಜೋಡಿ ಬರ್ರಿ.”

“ಎದಕ?”

“ನಾ ಹೆಂಗ ಇಳೀತೀನಿ ನೋಡಾಕ.”

ನನ್ನ ದನಿಯಲ್ಲಿ ಏನು ಕೇಳಿಸಿತೋ, ಅವರು ಕಾಲು ಕೆಳಗಿಟ್ಟರು. “ಆತು,” ಎಂದರು.

ಶನಿವಾರ ಜಿಟಿಜಿಟಿ ಮಳೆ. ಗುಡ್ಡದ ಮೇಲೆ ಒಂದೇ ಒಂದು ಬಿಳಿಯ ಪಟ್ಟಿ ಉಳಿದಿತ್ತು, ಎರಡೂ ಕಡೆ ಕೆಸರು. ಮಹಾಂತೇಶ ಬಸ್ಸು ಓಡಿಸುವಾಗ ಹಾಕುವ ಹಳದಿ ಜಾಕೆಟ್ಟು ತೊಟ್ಟು, ಕೊಡೆ ಹಿಡಿದು, ಬೇಲಿಯ ಪಕ್ಕ ನಿಂತರು. ನಾನು ಮೇಲೆ ಹೋದೆ. ತುದಿಯಿಂದ ನೋಡಿದರೆ ಆ ಹಳದಿ ಬಣ್ಣವೊಂದೇ ಸ್ಪಷ್ಟವಾಗಿತ್ತು. ಹೊಸಬಳ ಹಾಗೆ ಬೂಟಿನ ಕೊಂಡಿಗಳನ್ನು ಎರಡೆರಡು ಸಲ ಬಿಗಿದೆ. ಹಲಗೆಗಳನ್ನು ಅಕ್ಕಪಕ್ಕ ನೇರವಾಗಿಸಿ ಹೊರಟೆ. ಆ ಕರಗಿದ ಹಿಮದಲ್ಲಿ ಎಷ್ಟು ವೇಗ ಸಾಧ್ಯವೋ ಅಷ್ಟೂ ವೇಗದಲ್ಲಿ, ಪಟ್ಟಿಯ ಅಂಚಿನಿಂದ ಅಂಚಿಗೆ ತಿರುಗುತ್ತಾ, ಕೊನೆಯ ಕಡಿದಾದ ಜಾಗವನ್ನು ನೇರ ಇಳಿದು, ಬೇಲಿಯ ಮುಂದೆ ಬಂದು ನಿಂತೆ. ಒಂದೂವರೆ ನಿಮಿಷವೂ ಆಗಿರಲಿಲ್ಲ.

ಅವರು ಬಾಯಿ ತೆರೆದು ನಿಂತಿದ್ದರು. ಕೊಡೆ ಒಂದು ಕಡೆ ವಾಲಿ ಹೆಗಲು ತೊಯ್ಯುತ್ತಿತ್ತು.

“ಹೆಂಗ?” ಎಂದೆ, ಏದುಸಿರು ಬಿಡುತ್ತಾ.

“ತಡಿ ತಡಿ,” ಎಂದು ಅವರು ಗಡಿಬಿಡಿಯಿಂದ ಜೇಬು ತಡಕಾಡಿದರು. “ನೋಡ್ಕೋತ ನಿಂತು ಫೋನ್ ತಗಿಯೂದ ಮರತೆ. ಇನ್ನೊಮ್ಮೆ ಇಳಿ.”